ಹಿಡಿದುಕೊಟ್ಟವರು ಯಾವೂರಿನವರು?

ಬೈಲಹೊಂಗಲ ಸೀಮೆಯಲ್ಲಿ ಯಾರನ್ನೇ ಕೇಳಿ, 'ನಾವು ರಾಯಣ್ಣನ ನಾಡಿನವರ್ರೀ' ಅಂತ ಎದೆಯುಬ್ಬಿಸಿ ಹೇಳ್ತಾರೆ. ಸಂಗೊಳ್ಳಿಯಲ್ಲಿ ಅವನ ಬದುಕು ತೋರಿಸುವ ಶಿಲ್ಪಗಳಿವೆ. ನಂದಗಡದಲ್ಲಿ ಅವನ ಸಮಾಧಿಯ ಆಲದ ಮರಕ್ಕೆ, ಅಂಥ ಮಗ ಹುಟ್ಟಲಿ ಅಂತ ಜನ ಪುಟ್ಟ ತೊಟ್ಟಿಲು ಕಟ್ಟುತ್ತಾರೆ.

ಆದರೆ ಒಂದು ಲೆಕ್ಕ ನನಗೆ ಕೂಡುವುದಿಲ್ಲ. 1830ರಲ್ಲಿ ರಾಯಣ್ಣ ಬ್ರಿಟಿಷರ ಕೈಗೆ ಸಿಕ್ಕಿದ್ದು ಕಾಳಗದಲ್ಲಿ ಸೋತು ಅಲ್ಲ, ನಮ್ಮವರೇ ಮೋಸದಿಂದ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಾಯಿತು. ಇವತ್ತು ಎಲ್ಲರೂ ರಾಯಣ್ಣನ ಕಡೆಯವರೇ ಆದರೆ, ಹಿಡಿದುಕೊಟ್ಟವರ ಕಡೆಯವರು ಎಲ್ಲಿ ಹೋದರು?

ಅವರ ಮೊಮ್ಮಕ್ಕಳನ್ನು ಹುಡುಕಿ ಬೈಯೋಣ ಅಂತಲ್ಲ. ಅಜ್ಜನ ತಪ್ಪಿಗೆ ಮೊಮ್ಮಗ ಹೊಣೆಯಲ್ಲ. ನನ್ನ ಪ್ರಶ್ನೆ ನೆನಪಿನ ಬಗ್ಗೆ: ವೀರನನ್ನು ಮಾತ್ರ ನೆನೆದರೆ ಸಾಕಾ?

ಜನವರಿ 27ರಂದು ಜಗತ್ತು ಬೇರೆಯದೇ ಜಾಗವೊಂದನ್ನು ನೆನೆಯುತ್ತದೆ. 1945ರ ಆ ದಿನ ಸೋವಿಯತ್ ಸೈನ್ಯ ಆಶ್ವಿಟ್ಜ್ ತಲುಪಿತು. ಅಷ್ಟರೊಳಗೆ ಅಲ್ಲಿ ಸುಮಾರು 11 ಲಕ್ಷ ಜನ ಸತ್ತಿದ್ದರು, ಬಹುಪಾಲು ಯೆಹೂದಿಗಳು. ಒಬ್ಬನ ಗಲ್ಲಿಗೂ ಆ ನರಕಕ್ಕೂ ಹೋಲಿಕೆ ಇಲ್ಲ. ಆದರೆ ನೆನಪಿಡುವ ರೀತಿಯಲ್ಲಿ ಕಲಿಯುವುದಿದೆ. ಅಲ್ಲಿನ ಹೆಣ ಸುಡುವ ಕುಲುಮೆಗಳನ್ನು ಕಟ್ಟಿಕೊಟ್ಟದ್ದು ಎರ್ಫರ್ಟ್ ಪಟ್ಟಣದ ಟೋಪ್ಫ್ ಎಂಬ ಕಂಪನಿ. ಡಿಸೈನ್ ಮಾಡಿದವರು ನಮ್ಮ ಹಾಗೇ ಎಂಜಿನಿಯರುಗಳು: ಡ್ರಾಯಿಂಗ್ ಬೋರ್ಡು, ಆರ್ಡರು, ಡೆಲಿವರಿ. 2011ರಿಂದ ಆ ಕಂಪನಿಯ ಕಟ್ಟಡವೇ ಸ್ಮಾರಕ. ಸತ್ತವರ ಜಾಗದಲ್ಲಷ್ಟೇ ಅಲ್ಲ, ಕೈಜೋಡಿಸಿದವರು ಕೂತು ಕೆಲಸ ಮಾಡಿದ ಜಾಗದಲ್ಲೂ ಜರ್ಮನ್ನರು ಮಕ್ಕಳನ್ನು ನಿಲ್ಲಿಸಿ ಕತೆ ಹೇಳುತ್ತಾರೆ.

ನಮ್ಮ ಕತೆಯಲ್ಲಿ ಹಿಡಿದುಕೊಟ್ಟವನು ಬರೀ 'ದ್ರೋಹಿ'. ಆ ಪದ ಹೇಳಿ ಮುಗಿಸಿಬಿಡ್ತೀವಿ. ಆದರೆ ರಾಯಣ್ಣ ಸರಕಾರಿ ಕಚೇರಿ ಸುಟ್ಟವನು, ಉಳ್ಳವರಿಂದ ಹಣ ಎತ್ತಿದವನು. ಅವನು ಬಂದರೆ ಹೆದರುತ್ತಿದ್ದವರು ಊರಲ್ಲೇ ಇದ್ದರು. ಇನಾಮಿನ ಆಸೆಯೋ, ಹೊಲ ಹೋದೀತೆಂಬ ಅಂಜಿಕೆಯೋ, 'ನಮಗ್ಯಾಕ ಬೇಕು ಉಸಾಬರಿ' ಅನ್ನುವ ಜಾಣತನವೋ, ಇವೆಲ್ಲ ನಮ್ಮ ಮನೆಗಳಲ್ಲೂ ಆಫೀಸುಗಳಲ್ಲೂ ಇವತ್ತಿಗೂ ಇವೆ. ದ್ರೋಹಿ ರಾಕ್ಷಸನಾದರೆ ನಮಗೆ ನಿರಾಳ. ಅವನು ಇಎಂಐ ಕಟ್ಟುವ ಮನುಷ್ಯನ ಥರ ಕಂಡರೆ ಮಾತ್ರ ಕಷ್ಟ.

ಮಕ್ಕಳಿಗೆ ರಾಯಣ್ಣನ ಕತೆ ಹೇಳುವಾಗ 'ನೀನೂ ಅವನ ಹಾಗೆ ಆಗು' ಅಂತೀವಿ. ಹೇಳೋಣ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಅವತ್ತು ಆ ಊರಲ್ಲಿ ನೀನಿದ್ದು, ಸುಮ್ಮನಿದ್ದರೆ ಹೊಲ ಉಳಿಯುತ್ತಿತ್ತು ಅಂದರೆ, ಏನು ಮಾಡ್ತಿದ್ದೆ?