ನಂಬಿಕೆಯೂ ಕ್ರಯಪತ್ರದಲ್ಲಿ ಸೇರಿದೆಯೆ?

2016ರ ಬೇಸಿಗೆ ರಜೆಯಲ್ಲಿ ಮೊದಲ ಬಾರಿಗೆ ಅಮೆರಿಕಕ್ಕೆ ಹೋಗಿದ್ದೆ. ತಂಗಿ ಮದುವೆಯಾಗಿ ಕ್ಯಾಲಿಫೋರ್ನಿಯಾ ಸೇರಿ ಹದಿನೈದು ವರ್ಷಗಳಾಗಿದ್ದವು. "ಒಂದು ಸಲವಾದರೂ ಬಾರೇ ಅಕ್ಕ" ಎಂದು ಅವಳು ಕರೆಯುವುದು, "ಮುಂದಿನ ವರ್ಷ ನೋಡೋಣ" ಎಂದು ನಾನು ಹೇಳುವುದು ನಡೆದೇ ಇತ್ತು. ಕೊನೆಗೆ ಅವಳೇ ಟಿಕೆಟ್ ಕಳಿಸಿದಾಗ, ಒಂದು ಕೈಯಲ್ಲಿ ಹಪ್ಪಳ ಸಂಡಿಗೆಯ ಗಂಟು, ಇನ್ನೊಂದರಲ್ಲಿ ಪಾಸ್‌ಪೋರ್ಟು ಹಿಡಿದು ಹೊರಟೆ.

ಬೆಳಿಗ್ಗೆ ಎಂಟೂವರೆಗೆಲ್ಲ ಆ ಮನೆ ಖಾಲಿ. ಗಂಡ ಹೆಂಡತಿ ಕೆಲಸಕ್ಕೆ, ಮಗು ಶಾಲೆಗೆ. ನಾನೊಬ್ಬಳೇ ಮಹಡಿಯ ಕೋಣೆಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಆ ಊರಿನಲ್ಲಿ ಏಪ್ರಿಲ್ ಮುಂಜಾವೆಂದರೆ ನಮ್ಮ ಮಲೆನಾಡಿನ ಡಿಸೆಂಬರಿನಂತೆ. ಒಂಬತ್ತಾಗುವಷ್ಟರಲ್ಲಿ ಮನೆಯೆಲ್ಲ ತಣ್ಣಗಾಗುತ್ತಿತ್ತು. ಎರಡು ದಿನ ಶಾಲು ಹೊದ್ದು ಸಹಿಸಿಕೊಂಡೆ. ಮೂರನೆಯ ಸಂಜೆ ತಂಗಿಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು.

"ನಾವು ಎಂಟೂವರೆಗೆ ಹೋಗುತ್ತೇವೆ ಅಂತ ಅದಕ್ಕೆ ಗೊತ್ತು ಕಣೇ ಅಕ್ಕ. ಅದಕ್ಕೇ ಹೀಟರ್ ಕಡಿಮೆ ಮಾಡಿಬಿಡುತ್ತೆ. ನೀನು ಮಹಡಿ ಮೇಲೆ ಕೂತರೆ ಅದಕ್ಕೆ ಕಾಣಿಸಲ್ಲ."

"ಅದಕ್ಕೆ" ಎಂದರೆ ಹಜಾರದ ಗೋಡೆಯ ಮೇಲಿದ್ದ ಗುಂಡನೆಯ ಯಂತ್ರ. ಥರ್ಮೋಸ್ಟಾಟ್. ನಮ್ಮ ಊಟದ ಬಟ್ಟಲಿನಷ್ಟು ದೊಡ್ಡದು. ಎದುರಿಗೆ ಹೋದರೆ ದೀಪ ಬೆಳಗುತ್ತದೆ. ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಹೊರಡುತ್ತಾರೆ, ಎಷ್ಟು ಗಂಟೆಗೆ ಮಲಗುತ್ತಾರೆ ಎಂಬುದನ್ನು ತಾನೇ ನೋಡಿ ಕಲಿತು, ಮನೆಯ ಶಾಖವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇದರಿಂದ ಇಂಧನ ಉಳಿಯುತ್ತದೆ, ಬಿಲ್ಲು ತಗ್ಗುತ್ತದೆ. ಮರುದಿನದಿಂದ ನಾನು ಗಂಟೆಗೊಮ್ಮೆ ಕೆಳಗಿಳಿದು ಅದಕ್ಕೆ ಮುಖ ತೋರಿಸಿ, ಹಾಜರಿ ಹಾಕಿಸಿಕೊಂಡು ಹೋಗತೊಡಗಿದೆ. ಇಪ್ಪತ್ತು ವರ್ಷಗಳಿಂದ ಮಕ್ಕಳ ಹಾಜರಿ ತೆಗೆದುಕೊಂಡು ಬಂದವಳಿಗೆ ಇದು ಸರಿಯಾದ ಶಿಕ್ಷೆಯೇ!

ತಮಾಷೆ ಒಂದೆರಡು ದಿನದ್ದು. ಆಮೇಲೆ ನನ್ನೊಳಗಿನ ಹಳೆಯ ಗೃಹಿಣಿ ಎಚ್ಚರಗೊಂಡಳು. ಈ ಹಾಜರಿ ಪುಸ್ತಕವನ್ನು ಇಟ್ಟುಕೊಂಡಿರುವವರು ಯಾರು? ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಯಾವುದೆಂದು ಪಕ್ಕದ ಮನೆಯವರಿಗೆ ಹೇಳಲೂ ನಾವು ನಾಲ್ಕು ಸಲ ಯೋಚಿಸುತ್ತೇವೆ. ಗೋಡೆಗೂ ಕಿವಿಯುಂಟು ಎಂದು ಅಜ್ಜಿ ಹೇಳುತ್ತಿದ್ದುದು ಮಾತಿಗೆ. ಇಲ್ಲಿ ಗೋಡೆಗೆ ಇಂದ್ರಿಯವೂ ಇತ್ತು, ನೆನಪೂ ಇತ್ತು.

ತಂಗಿಯ ಗಂಡ ಕಂಪ್ಯೂಟರ್ ಕೆಲಸದವರು. ಕೇಳಿದೆ. ಅವರು ಒಂದು ಕಥೆಯನ್ನೇ ಹೇಳಿದರು.

ಇಂಥ ಯಂತ್ರವನ್ನು ಮನೆಮಾತಾಗಿಸಿದ್ದು ನೆಸ್ಟ್ ಎಂಬ ಕಂಪನಿಯಂತೆ. ನೆಸ್ಟ್ ಎಂದರೆ ಹಕ್ಕಿಯ ಗೂಡು. ಮೊದಲು ಆಪಲ್ ಕಂಪನಿಯಲ್ಲಿದ್ದ ಟೋನಿ ಫಡೆಲ್ ಮತ್ತು ಮ್ಯಾಟ್ ರೋಜರ್ಸ್ ಎಂಬಿಬ್ಬರು 2010ರಲ್ಲಿ ಅದನ್ನು ಕಟ್ಟಿದರು. 2011ರಲ್ಲಿ ಅವರ ಥರ್ಮೋಸ್ಟಾಟ್ ಮಾರುಕಟ್ಟೆಗೆ ಬಂತು. ಜನ ಇಷ್ಟಪಟ್ಟು ಕೊಂಡರು. 2014ರ ಜನವರಿಯಲ್ಲಿ ಗೂಗಲ್, ಈ ಗೂಡನ್ನು 320 ಕೋಟಿ ಡಾಲರು ಕೊಟ್ಟು ಕೊಳ್ಳುವುದಾಗಿ ಸಾರಿತು. ಗೂಗಲ್‌ನ ಸಂಪಾದನೆಯ ಬಹುಪಾಲು ಜಾಹೀರಾತಿನದು. ಯಾರಿಗೆ ಏನು ಬೇಕು ಎಂದು ತಿಳಿದಷ್ಟೂ ಜಾಹೀರಾತಿಗೆ ಬೆಲೆ. ಅಂಥವರ ಕೈಗೆ ಮನೆಯೊಳಗಿನ ದಿನಚರಿಯೂ ಸಿಕ್ಕರೆ ಗತಿಯೇನು ಎಂದು ಕೊಂಡವರಿಗೆ ಅಳುಕಾಯಿತು. ಗ್ರಾಹಕರ ಮಾಹಿತಿಯನ್ನು ನೆಸ್ಟ್‌ನ ವಸ್ತು ಮತ್ತು ಸೇವೆಗಳಿಗಷ್ಟೇ ಬಳಸುವುದು ತಮ್ಮ ನೀತಿಯೆಂದು ಕಂಪನಿ ಸಮಾಧಾನ ಹೇಳಿತು.

ಆ ವರ್ಷವೇ ನೆಸ್ಟ್ ಇನ್ನೆರಡು ಕಂಪನಿಗಳನ್ನು ಕೊಂಡಿತು. ಒಂದು ಮನೆಯೊಳಗಿಡುವ ಕ್ಯಾಮೆರಾದ್ದು, ಡ್ರಾಪ್‌ಕ್ಯಾಮ್. ಇನ್ನೊಂದು ರಿವಾಲ್ವ್. ಮನೆಯ ದೀಪ, ಬೀಗ ಎಲ್ಲವನ್ನೂ ಒಂದೇ ಕಡೆಯಿಂದ ನಡೆಸುವ ಪುಟ್ಟ ಪೆಟ್ಟಿಗೆಯನ್ನು ಅದು ಮಾರುತ್ತಿತ್ತು, ಆಜೀವ ಸೇವೆಯ ಭರವಸೆಯೊಡನೆ. ನಾನು ತಂಗಿಯ ಮನೆಯಲ್ಲಿದ್ದಾಗಲೇ, 2016ರ ಮೇ 15ಕ್ಕೆ, ಆ ಪೆಟ್ಟಿಗೆಯ ಸೇವೆಯನ್ನು ನಿಲ್ಲಿಸಿಬಿಟ್ಟರು. ಪೆಟ್ಟಿಗೆ ಕೆಟ್ಟಿರಲಿಲ್ಲ. ದೂರದಲ್ಲೆಲ್ಲೋ ಒಂದು ಗುಂಡಿ ಒತ್ತಿದರು, ಇಲ್ಲಿ ಮನೆಯಲ್ಲಿದ್ದ ವಸ್ತು ಕಲ್ಲಾಯಿತು.

"ಆಜೀವ ಅಂದಿದ್ದರಲ್ಲ, ಯಾರ ಜೀವ?" ಎಂದು ಕೇಳಿದೆ.

"ಅದೇ ಪ್ರಶ್ನೆ ಅಕ್ಕಾ. ಮಾತು ಕೊಟ್ಟವರು ಒಬ್ಬರು, ಈಗ ಯಜಮಾನರು ಇನ್ನೊಬ್ಬರು" ಎಂದರು ಅವರು. ಆಮೇಲೆ ಮೆಲ್ಲಗೆ, "ಆದರೆ ನಮ್ಮ ಮನೆಯಲ್ಲಿ ಮುಚ್ಚಿಡೋದು ಏನಿದೆ ಬಿಡಿ" ಎಂದರು.

ಆ ಮಾತಿಗೆ ನಾನು ಒಪ್ಪಲಿಲ್ಲ. ನಾವು ಕಿಟಕಿಗೆ ಪರದೆ ಹಾಕುವುದು ಒಳಗೆ ತಪ್ಪು ಮಾಡುತ್ತಿದ್ದೇವೆಂದಲ್ಲ. ಒಳ ಉಡುಪನ್ನು ಹಿತ್ತಲಲ್ಲಿ, ಸೀರೆಯ ಮರೆಯಲ್ಲಿ ಒಣಗಿಸುವುದು ಅದನ್ನು ಕದ್ದು ತಂದಿದ್ದೇವೆಂದಲ್ಲ. ಯಾವಾಗ ಹೋದಳು, ಯಾವಾಗ ಬಂದಳು ಎಂದು ಲೆಕ್ಕವಿಡುವ ಕಣ್ಣುಗಳ ನಡುವೆಯೇ ಬೆಳೆದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದು ರಾತ್ರಿ ನಾನು ತಂಗಿಗೂ ಅವಳ ಗಂಡನಿಗೂ ಅರ್ಧ ಗಂಟೆ ಪಾಠ ಮಾಡಿದೆ. ಅಂಗಡಿಯವನು ಅಂಗಡಿ ಮಾರಬಹುದು, ಸಾಮಾನು ಮಾರಬಹುದು, ಹೆಸರನ್ನೂ ಮಾರಬಹುದು. ಗಿರಾಕಿ ಅವನ ಮೇಲಿಟ್ಟ ನಂಬಿಕೆಯನ್ನು ಅವನು ಹೇಗೆ ಮಾರುತ್ತಾನೆ? ಅದು ಅವನದಲ್ಲವೇ ಅಲ್ಲವಲ್ಲ! ಇಬ್ಬರೂ ವಿಧೇಯ ವಿದ್ಯಾರ್ಥಿಗಳ ಹಾಗೆ ತಲೆಯಾಡಿಸಿದರು.

ಇಷ್ಟು ಚೆನ್ನಾಗಿ ಪಾಠ ಮಾಡಿದ ನಾನು, ಮುಂದಿನ ವರ್ಷ ಮಾಡಿದ್ದೇನು? ಅದನ್ನು ಹೇಳುವುದಕ್ಕಾಗಿಯೇ ಈ ಪ್ರಬಂಧ ಬರೆಯುತ್ತಿದ್ದೇನೆ.

ಆಗ ನಾನಿದ್ದುದು ಒಂದು ಸಣ್ಣ ಖಾಸಗಿ ಶಾಲೆಯಲ್ಲಿ. ಊರಿನ ನಾಲ್ಕಾರು ಹಿರಿಯರು ಸೇರಿ ಕಟ್ಟಿದ್ದು. ಸಂಬಳ ಕಡಿಮೆಯಾದರೂ ಎಲ್ಲರ ಮನೆಯೂ ಎಲ್ಲರಿಗೂ ಗೊತ್ತು. ಕ್ಲಾಸ್ ಟೀಚರಾಗಿ ನನ್ನ ಬಳಿ ಒಂದು ನೂರು ಪುಟದ ನೋಟ್ ಬುಕ್ಕಿರುತ್ತಿತ್ತು. ಯಾವ ಹುಡುಗ ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತಾನೆ, ಯಾರ ತಂದೆ ಕುಡಿದು ಗಲಾಟೆ ಮಾಡುತ್ತಾನೆ, ಯಾವ ಹುಡುಗಿಗೆ ತಾಯಿಯ ಕಾಯಿಲೆಯ ಚಿಂತೆ, ಇಂಥದನ್ನೆಲ್ಲ ಗುರುತು ಹಾಕಿಕೊಳ್ಳುತ್ತಿದ್ದೆ. ಯಾರನ್ನು ಗದರಬಾರದು, ಯಾರನ್ನು ಸ್ವಲ್ಪ ಹತ್ತಿರ ಕೂರಿಸಿಕೊಳ್ಳಬೇಕು ಎಂದು ತಿಳಿಯಲಿಕ್ಕೆ. ಎಷ್ಟೋ ವಿಷಯಗಳನ್ನು ತಾಯಂದಿರೇ ಶಾಲೆಯ ಗೇಟಿನ ಬಳಿ, ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಹೇಳಿದ್ದು.

2017ರ ಜೂನ್‌ನಲ್ಲಿ ಶಾಲೆ ಕೈಬದಲಾಯಿತು. ಹಿರಿಯರಿಗೆ ವಯಸ್ಸಾಗಿತ್ತು, ಸಾಲವೂ ಇತ್ತು. ಹಲವು ಊರುಗಳಲ್ಲಿ ಶಾಲೆಗಳಿದ್ದ ದೊಡ್ಡ ಸಂಸ್ಥೆಯೊಂದು ವಹಿಸಿಕೊಂಡಿತು. ಹೊಸ ಬೆಂಚು, ಹೊಸ ಬಣ್ಣ, ಹೆಣ್ಣುಮಕ್ಕಳಿಗೆ ಒಳ್ಳೆಯ ಶೌಚಾಲಯ, ನಮಗೆ ತಿಂಗಳ ಮೊದಲ ದಿನವೇ ಸಂಬಳ. ಇದನ್ನೆಲ್ಲ ಮರೆತು ದೂರುವುದು ನ್ಯಾಯವಲ್ಲ. ಹೊಸ ಆಡಳಿತಾಧಿಕಾರಿ ಬಂದ ವಾರದಲ್ಲೇ, "ಮಕ್ಕಳಿಗೆ ಸಂಬಂಧಪಟ್ಟ ದಾಖಲೆಗಳೆಲ್ಲ ಆಫೀಸಿಗೆ ಬರಲಿ" ಎಂದರು. ಹಾಜರಿ ಪುಸ್ತಕ, ಅಂಕಪಟ್ಟಿಗಳೊಂದಿಗೆ ಆ ನೋಟ್ ಬುಕ್ಕನ್ನೂ ಮೇಜಿನ ಮೇಲಿಟ್ಟು ಬಂದೆ. ಒಂದು ಕ್ಷಣ ಕೈ ತಡೆಯಿತು, ನಿಜ. ಪುಸ್ತಕ ಶಾಲೆಯದು, ಬರೆದದ್ದು ಶಾಲೆಯ ಕೆಲಸಕ್ಕಾಗಿ, ಶಾಲೆ ಈಗ ಇವರದು ಎಂದು ಲೆಕ್ಕ ಹಾಕಿ, ಕೈಯನ್ನು ಒಪ್ಪಿಸಿದೆ.

ಆ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಸ್ಟಾಫ್ ರೂಮಿನಲ್ಲಿ ಪತ್ರಿಕೆಯನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದೆ. ನೋಟ್ ಬುಕ್ಕು ಮಾತ್ರ ನೆನಪಿಗೆ ಬರಲಿಲ್ಲ.

ದಸರಾ ರಜೆ ಮುಗಿದ ಮೇಲೆ ಒಂದು ದಿನ ಆಫೀಸಿಗೆ ಸೀಮೆಸುಣ್ಣ ತರಲು ಹೋದೆ. ಫೀಸು ಬಾಕಿಯಿದ್ದ ತಾಯಿಯೊಬ್ಬಳು ನಿಂತಿದ್ದಳು. ಇನ್ನೂ ಮೂರು ನಾಲ್ಕು ಮಂದಿ ಹಿಂದೆ ಇದ್ದರು. ಕೌಂಟರಿನಲ್ಲಿದ್ದ ಹುಡುಗ ಪುಟ ತಿರುವುತ್ತ, "ನಿಮ್ಮ ಯಜಮಾನರು ಮನೆಗೇ ಬರುತ್ತಿಲ್ಲವಂತೆ, ಮತ್ತೆ ಕಟ್ಟೋರು ಯಾರು?" ಎಂದ. ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಅವನ ಮುಂದಿದ್ದುದು ಒಂದು ದಾಖಲೆ, ಓದಿದ. ಆಕೆ ಅವನನ್ನು ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದಳು. "ನಾನು ನಿಮಗೆ ಹೇಳಿದ್ದು ಟೀಚರ್" ಎಂದಳು, ಅಷ್ಟೆ.

ಆ ವರ್ಷದ ಕೊನೆಗೆ ಆ ಹುಡುಗಿಯ ಟಿ.ಸಿ. ತೆಗೆದುಕೊಂಡು ಹೋದರು. ಕ್ಷಮೆ ಕೇಳಲು ಎರಡು ಬಾರಿ ಅವರ ಬೀದಿಯವರೆಗೆ ಹೋಗಿ ಮರಳಿದ್ದೇನೆ.

"ನಿಮಗೆ ಹೇಳಿದ್ದು." ನಾನು ತಂಗಿಗೆ ಅರ್ಧ ಗಂಟೆ ಹೇಳಿದ ಪಾಠವನ್ನು ಆಕೆ ಎರಡು ಪದಗಳಲ್ಲಿ ಮುಗಿಸಿದ್ದಳು. ಕಾಗದ ಶಾಲೆಯದಿರಬಹುದು, ಅಕ್ಷರ ನನ್ನದಿರಬಹುದು. ಅದರಲ್ಲಿದ್ದ ಸಂಗತಿ ಮಾತ್ರ ಆಕೆಯದಾಗಿಯೇ ಉಳಿದಿತ್ತು. ಅದು ನನ್ನ ಕೈಯಲ್ಲಿದ್ದುದು ಅಡವಿಟ್ಟ ಒಡವೆಯಂತೆ. ಇಟ್ಟುಕೊಂಡ ಮಾತ್ರಕ್ಕೆ ಮಾರುವ ಹಕ್ಕು ಬರುವುದಿಲ್ಲ.

ದೊಡ್ಡವರ ಕೈಗೆ ಹೋದದ್ದರಿಂದ ಹೀಗಾಯಿತು, ಸಣ್ಣವರೆಲ್ಲ ಒಳ್ಳೆಯವರು ಎಂದು ಹೇಳಿ ಜಾರಿಕೊಳ್ಳುವಂತೆಯೂ ಇಲ್ಲ. ಬಾಗಿಲ ಬಳಿಯ ಕ್ಯಾಮೆರಾ ಮಾಡುವ ರಿಂಗ್ ಎಂಬ ಕಂಪನಿಯನ್ನು 2018ರಲ್ಲಿ ಅಮೆಜಾನ್ ಕೊಂಡಿತು. ಅದರ ನೌಕರನೊಬ್ಬ ಹೆಂಗಸರ ಮನೆಯೊಳಗಿನ ಸಾವಿರಾರು ವೀಡಿಯೊಗಳನ್ನು ತಿಂಗಳುಗಟ್ಟಲೆ ನೋಡುತ್ತಿದ್ದನೆಂದು ಅಮೆರಿಕದ ಸರ್ಕಾರಿ ಆಯೋಗ 2023ರಲ್ಲಿ ಆರೋಪಿಸಿತು. ಕಂಪನಿ 58 ಲಕ್ಷ ಡಾಲರು ಕೊಡಲು ಒಪ್ಪಿ ಮೊಕದ್ದಮೆ ಮುಗಿಸಿಕೊಂಡಿತು. ಆದರೆ ಆಯೋಗ ಹೇಳಿದ ಆ ಸಂಗತಿ 2017ರದು, ಅಂದರೆ ಮಾರಾಟಕ್ಕಿಂತ ಮುಂಚಿನದು. ಕಂಪನಿ ಸಣ್ಣದಾಗಿದ್ದಾಗಲೇ ಆ ತೂತು ಇತ್ತು. ನನ್ನ ನೋಟ್ ಬುಕ್ಕಿನ ಮಾತೂ ಇಷ್ಟೇ. ಅದನ್ನು ಓದಿದವನು ಹೊಸಬ. ಕೊಟ್ಟವಳು ಹಳಬಳು.

ನೆಸ್ಟ್‌ನ ಮುಂದಿನ ಕಥೆಯನ್ನೂ ಹೇಳಬೇಕು. 2018ರಲ್ಲಿ ಅದು ಗೂಗಲ್‌ನೊಳಗೇ ಸೇರಿತು. 2019ರಲ್ಲಿ, ಅದು ಮಾರಿದ್ದ ಒಂದು ಕಾವಲು ಯಂತ್ರದೊಳಗೆ ಮೈಕ್ ಇದೆಯೆಂಬುದು ಕೊಂಡವರಿಗೆ ತಿಳಿಯಿತು. ವಿವರಪಟ್ಟಿಯಲ್ಲಿ ಅದನ್ನು ನಮೂದಿಸದೆ ಬಿಟ್ಟದ್ದು ತಪ್ಪು, ಗುಟ್ಟಾಗಿಡುವ ಉದ್ದೇಶವಿರಲಿಲ್ಲ ಎಂದಿತು ಕಂಪನಿ. ಅದೇ ವರ್ಷ ಹಳೆಯ ಖಾತೆಗಳನ್ನು ಗೂಗಲ್ ಖಾತೆಗೆ ವರ್ಗಾಯಿಸಿಕೊಳ್ಳಿ ಎಂಬ ಸೂಚನೆ ಬಂತು. ಮನೆಯೊಳಗಿನ ದೃಶ್ಯ, ದನಿಗಳನ್ನು ಜಾಹೀರಾತಿನಿಂದ ದೂರವಿಡುತ್ತೇವೆ ಎಂದು ಗೂಗಲ್ ಮಾತು ಕೊಟ್ಟಿತು. ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. 2011ರಲ್ಲಿ ಗೂಡನ್ನು ಕೊಂಡವಳು ನಂಬಿದ್ದು ಆ ಮಾತನ್ನಲ್ಲ, ಆ ಮನುಷ್ಯರನ್ನೂ ಅಲ್ಲ ಎಂದಷ್ಟೇ ಹೇಳುತ್ತೇನೆ. 2025ರ ಅಕ್ಟೋಬರ್ 25ರಿಂದ ಆ ಮೊದಲ ಥರ್ಮೋಸ್ಟಾಟ್‌ಗಳನ್ನು ಫೋನಿನಿಂದ ನಡೆಸುವ ಸೌಲಭ್ಯವೂ ನಿಂತಿದೆ. ಗೋಡೆಯ ಮೇಲೆ ಕೈಯಿಂದ ತಿರುಗಿಸಿದರೆ ಕೆಲಸ ಮಾಡುತ್ತವೆ.

ಹಾಗಾದರೆ ಯಾರೂ ಏನನ್ನೂ ಮಾರಬಾರದೆ, ಕೊಳ್ಳಬಾರದೆ? ಹಾಗೆನ್ನಲಾಗದು. ವ್ಯಾಪಾರ ನಡೆಯಬೇಕು, ಹಿರಿಯರಿಗೆ ವಯಸ್ಸಾಗುತ್ತದೆ, ಸಾಲ ತೀರಿಸಬೇಕಾಗುತ್ತದೆ. ಆದರೆ ಒಡೆತನ ಬದಲಾದ ದಿನ ಕೊಂಡವರು ಮನೆ ಬಾಗಿಲಿಗೆ ಬಂದು ಹೊಸದಾಗಿ ಕೇಳಬೇಕು: "ಇನ್ನು ಮುಂದೆ ನಾವು. ನಮ್ಮನ್ನು ನಂಬುತ್ತೀರಾ?" ಎಂದು. ಇಲ್ಲ ಎಂದವರಿಗೆ ಅವರ ಸಂಗತಿಯನ್ನು ಅಳಿಸಿ, ಕೊಟ್ಟ ಹಣವನ್ನು ಹಿಂದಿರುಗಿಸಬೇಕು. ನಮ್ಮ ದೇಶದಲ್ಲೂ 2023ರಲ್ಲಿ ಇದಕ್ಕೊಂದು ಕಾನೂನು ಆಗಿದೆ; ಒಪ್ಪಿಗೆ ಕೇಳಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು ಎನ್ನುತ್ತದೆ. ಕಾನೂನು ತನ್ನ ಕೆಲಸ ಮಾಡಲಿ. ಮಾರುವವರ ಕೈ ಒಂದು ಕ್ಷಣ ತಡೆಯುತ್ತದಲ್ಲ, ಆಗ ಅದರ ಮಾತು ಕೇಳುವುದು ಕಾನೂನಿನಿಂದ ಆಗುವ ಕೆಲಸವಲ್ಲ.

ಈಗ ನಮ್ಮ ಊರುಗಳಲ್ಲೂ ಬಾಗಿಲ ಮೇಲೆ ಕ್ಯಾಮೆರಾ ಬಂದಿದೆ. ದೂರದಲ್ಲಿರುವ ಮಕ್ಕಳು, ಮಾತಾಡಿಸಿದರೆ ಉತ್ತರ ಕೊಡುವ ಪೆಟ್ಟಿಗೆಯನ್ನು ಅಮ್ಮನಿಗೆಂದು ಕಳಿಸುತ್ತಾರೆ. ಪ್ರೀತಿಯಿಂದಲೇ ಕಳಿಸುತ್ತಾರೆ. ಬೇಡವೆನ್ನಬೇಡಿ. ಬೆಲೆ ಎಷ್ಟು, ಗ್ಯಾರಂಟಿ ಎಷ್ಟು ವರ್ಷ ಎಂದು ಕೇಳುವ ನಾವು, ನಾಳೆ ಇದರ ಯಜಮಾನರು ಬದಲಾದರೆ ನನ್ನ ಮನೆಯ ಸಂಗತಿ ಎಲ್ಲಿಗೆ ಹೋಗುತ್ತದೆ ಎಂದೂ ಒಮ್ಮೆ ಕೇಳೋಣ. ಮಕ್ಕಳಿಗೆ ಉತ್ತರ ಗೊತ್ತಿಲ್ಲದಿದ್ದರೆ ಹುಡುಕಿ ಹೇಳಲಿ.

ನಾನು ಈಗಲೂ ನೋಟ್ ಬುಕ್ಕು ಇಡುತ್ತೇನೆ. ಅದಿಲ್ಲದೆ ಮಕ್ಕಳನ್ನು ತಿಳಿಯಲಾರೆ. ಆದರೆ ಪುಸ್ತಕವನ್ನು ನನ್ನ ದುಡ್ಡಿನಲ್ಲಿ ಕೊಳ್ಳುತ್ತೇನೆ. ಪರೀಕ್ಷೆ ಮುಗಿದು ಫಲಿತಾಂಶ ಹಾಕಿದ ಸಂಜೆ ಅದನ್ನು ಮನೆಗೆ ತಂದು, ಬಚ್ಚಲ ಒಲೆಗೆ ಹಾಕಿ, ಹಂಡೆಯ ನೀರು ಕಾಯಿಸಿಕೊಳ್ಳುತ್ತೇನೆ.