ಮೆಟ್ಟಿಲ ಕೆಳಗಿನ ಶೂ

ಭಾನುವಾರ ಸಂಜೆ ಅಪ್ಪನ ಕಾರಿನಿಂದ ಇಳಿದ ಏಳು ವರ್ಷದ ಹುಡುಗ ನೇರ ಮನೆಗೆ ಬರಲಿಲ್ಲ. ಮೆಟ್ಟಿಲ ಕೆಳಗೆ ಕೂತು, ಅಪ್ಪ ಕೊಡಿಸಿದ ಹೊಸ ಶೂ ಬಿಚ್ಚಿ ಬ್ಯಾಗಿನ ತಳಕ್ಕೆ ತುರುಕಿ, ಹಳೆ ಚಪ್ಪಲಿ ಮೆಟ್ಟಿಕೊಂಡು ಮೇಲೆ ಬಂದ. ಹೀಗೆ ಮಾಡು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅವನಮ್ಮ ನನ್ನ ತಂಗಿಯ ಮಗಳು. ಬಾಲ್ಕನಿಯಲ್ಲಿ ನಿಂತಿದ್ದ ನಾನು ಕಣ್ಣಾರೆ ಕಂಡೆ.

ಹುಡುಗನ ಅಪ್ಪ ಅಮ್ಮ ಕಚ್ಚಾಡಿದವರಲ್ಲ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿ ಬೇರೆಯಾದವರು. ಮಗು ಅಮ್ಮನ ಬಳಿ, ಶನಿವಾರ ಭಾನುವಾರ ಅಪ್ಪನ ಬಳಿ, ಫೀಸು ಅರ್ಧರ್ಧ. ಒಂದು ವಾರವೂ ಯಾರೂ ತಪ್ಪಿಸಿರಲಿಲ್ಲ. ಆದರೆ ಮಾತು ನಿಂತಿತ್ತು. 'ಫೀಸು ಇನ್ನೂ ಬಂದಿಲ್ಲ ಅಂತ ನಿಮ್ಮಪ್ಪನಿಗೆ ಹೇಳು.' 'ನಿಮ್ಮಮ್ಮ ರಾತ್ರಿ ಎಷ್ಟೊತ್ತಿಗೆ ಬರ್ತಾಳೆ?' ಎಲ್ಲದಕ್ಕೂ ಆ ಹುಡುಗನೇ ಓಲೆಕಾರ. ಸೋಮವಾರ ದೋಸೆ ಹಾಕುತ್ತಾ ನನ್ನ ತಂಗಿಯೂ 'ಅಲ್ಲಿ ಯಾರ್ಯಾರಿದ್ರೋ ಪುಟ್ಟಾ?' ಅಂತ ಕೆದಕುವಳು. ಅಕ್ಕರೆಯಿಂದಲೇ ಕೇಳುತ್ತಿದ್ದಳು, ಆದರೂ ಮಗುವಿನ ಪಾಲಿಗೆ ಅದು ಪಾಟೀಸವಾಲು. ನಾವು ಹಿರಿಯರು ಈ ತಪ್ಪನ್ನು ಮಾಡುತ್ತಲೇ ಬಂದಿದ್ದೇವೆ.

ಹೀಗೆ ಎರಡು ಮನೆಗಳ ನಡುವೆ ಓಡಾಡುವ ಮಕ್ಕಳ ಬಗ್ಗೆ ಕೋರ್ಟೂ ಯೋಚಿಸಿದೆ. 2013ರಲ್ಲಿ ಕರ್ನಾಟಕ ಹೈಕೋರ್ಟು ಒಂದು ಪ್ರಕರಣದಲ್ಲಿ ಮಗು ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಲಿ ಎಂದಿತು. 2015ರಲ್ಲಿ ಕಾನೂನು ಆಯೋಗವೂ ಜಂಟಿ ಪಾಲನೆಗೆ ಕಾಯ್ದೆಯಲ್ಲಿ ಜಾಗ ಕೊಡಿ ಎಂದು ಶಿಫಾರಸು ಮಾಡಿತು. ಹೈಕೋರ್ಟಿನ ಆ ತೀರ್ಪಿನಲ್ಲಿ ನನ್ನ ಮನಸ್ಸು ತಟ್ಟಿದ್ದು ಆರಾರು ತಿಂಗಳ ಲೆಕ್ಕವಲ್ಲ. ಮಗು ಒಬ್ಬರ ಮನೆಯಲ್ಲಿದ್ದಾಗ ಇನ್ನೊಬ್ಬರ ಜೊತೆ ಫೋನಿನಲ್ಲೋ ವಿಡಿಯೊದಲ್ಲೋ ಮಾತಾಡಲು ಬಿಡಬೇಕು ಎಂಬ ಸಾಲು. ಈ ಮನೆಯಲ್ಲಿ ಕೂತು ಆ ಮನೆಯನ್ನು ನೆನೆಯುವುದು ದ್ರೋಹವಲ್ಲ ಅಂತ ಮಗುವಿಗೆ ಅನ್ನಿಸಬೇಕು. ನಮ್ಮ ಹುಡುಗನಿಗೆ ಹಾಗನ್ನಿಸಿರಲಿಲ್ಲ, ಅದಕ್ಕೇ ಶೂ ಬಚ್ಚಿಟ್ಟ.

ಹಾಗಂತ ಹೊಡೆತ ಬಡಿತದ ಮನೆ ಬಿಟ್ಟು ಬಂದ ಹೆಣ್ಣಿಗೆ ಹೊಂದಿಕೊಂಡು ಹೋಗು ಎನ್ನುವ ಹಕ್ಕು ಯಾರಿಗೂ ಇಲ್ಲ. ನಾನು ಹೇಳುತ್ತಿರುವುದು ಅಂಥ ಭಯವಿಲ್ಲದ ಕಡೆ, ಬರೀ ಬಿಗುಮಾನಕ್ಕೆ ಬಾಯಿ ಮುಚ್ಚಿಕೊಂಡವರಿಗೆ.

ಆ ಭಾನುವಾರ ರಾತ್ರಿ ಹುಡುಗನ ಅಮ್ಮನಿಗೆ ಶೂ ವಿಷಯ ಹೇಳಿದೆ. ಅವಳು ಬ್ಯಾಗು ತೆರೆದು, ಆ ಪುಟ್ಟ ಶೂ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ ತಾನೇ ಹುಡುಗನ ಅಪ್ಪನಿಗೆ ಫೋನು ಮಾಡಿದಳು. ಅವನೂ ಅತ್ತನಂತೆ. ಹಣದ ಮಾತು ಇನ್ನು ಇವರಿಬ್ಬರ ನಡುವೆಯೇ. ಮಗುವಿನ ಸಂಗತಿಗಳಿಗೆ ಬ್ಯಾಗಿನಲ್ಲಿ ನೂರು ಪುಟದ ಒಂದು ನೋಟ್‌ಬುಕ್.

ಮೊದಮೊದಲು ಅದರಲ್ಲಿ 'ಜ್ವರ 101, ರಾತ್ರಿ ಸಿರಪ್ ಕೊಟ್ಟಿದೆ', 'ಗುರುವಾರ ಗಣಿತ ಟೆಸ್ಟ್' ಅಂತ ಒಣಸಾಲುಗಳಷ್ಟೇ ಇದ್ದವು. ಹೋದ ಶನಿವಾರ ಅವಳು ಬರೆದದ್ದನ್ನು ನನಗೆ ತೋರಿಸಿದಳು: 'ಮುಂದಿನ ಹಲ್ಲು ಬಿತ್ತು. ಸೂರಿನ ಮೇಲೆ ಎಸೆಯೋಣ ಅಂದರೆ ಅಪ್ಪ ನೋಡದೆ ಬೇಡ ಅಂತಾನೆ. ಕಂಪಾಸು ಬಾಕ್ಸಿನಲ್ಲಿದೆ, ಹುಷಾರಾಗಿ ತೆಗೆಯಿರಿ.'