ಪರೀಕ್ಷೆಯ ಹೊಣೆ ಯಾರದು?

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಗಾದೆ. ತಡವಾಗಿ ಬಾಗಿಲು ಹಾಕಿದವನನ್ನು ಕಂಡು ನಾವು ನಗುತ್ತೇವೆ. ಆದರೆ 'ಆಗಲೇ ಜನ ಒಳಗೆ ಓಡಾಡುತ್ತಿದ್ದಾರೆ, ಅಂದಮೇಲೆ ಭಯವಿಲ್ಲ' ಎಂದು ಬಾಗಿಲನ್ನೇ ಕಿತ್ತುಹಾಕಿದವನನ್ನು ಏನೆನ್ನೋಣ? 2009ರಲ್ಲಿ ಗಣಕಯಂತ್ರದ ಲೋಕದಲ್ಲಿ ಇಂಥದೇ ಒಂದು ಪ್ರಸಂಗ ನಡೆಯಿತು.

ಲಿನಕ್ಸ್ ಕರ್ನೆಲಿನ ಒಂದು ಭಾಗದಲ್ಲಿ ಎರಡು ಸಾಲುಗಳಿದ್ದವು. ಸ್ಮೃತಿಯ ಈ ವಿಳಾಸದಲ್ಲಿರುವುದನ್ನು ಓದು ಎಂಬುದು ಮೊದಲನೆಯದು. ವಿಳಾಸ ಸೊನ್ನೆಯಾಗಿದ್ದರೆ, ಅಂದರೆ ವಿಳಾಸವೇ ಇಲ್ಲದಿದ್ದರೆ, ಹಿಂತಿರುಗು ಎಂಬುದು ಎರಡನೆಯದು. ಕ್ರಮ ತಲೆಕೆಳಗಾಗಿತ್ತು. ಇದನ್ನು ಯಂತ್ರಭಾಷೆಗೆ ಇಳಿಸುವ ಜಿಸಿಸಿ ಎಂಬ ಕಂಪೈಲರು ತರ್ಕ ಹೂಡಿತು: ಸೊನ್ನೆ ವಿಳಾಸವನ್ನು ಬಳಸಿದರೆ ಮುಂದೇನಾದೀತೆಂದು ಸಿ ಭಾಷೆಯ ನಿಯಮ ಹೇಳುವುದಿಲ್ಲ, ಇಲ್ಲಿ ಬಳಸಿಯಾಗಿದೆ, ಆದ್ದರಿಂದ ಅದು ಸೊನ್ನೆಯಲ್ಲ, ಪರೀಕ್ಷೆ ದಂಡ. ವೇಗಕ್ಕಾಗಿ ಎರಡನೆಯ ಸಾಲನ್ನು ಅಳಿಸಿಬಿಟ್ಟಿತು. ಸೊನ್ನೆ ವಿಳಾಸದಲ್ಲಿ ತನ್ನ ಸರಕನ್ನು ಇಟ್ಟು ಸಾಮಾನ್ಯ ಬಳಕೆದಾರನೂ ಯಂತ್ರದ ಪೂರ್ಣಾಧಿಕಾರ ಪಡೆಯಬಹುದೆಂದು ಆ ಜುಲೈಯಲ್ಲಿ ಬಯಲಾಯಿತು. ತಡವಾದರೂ ಆ ಸಾಲು ಉಳಿದಿದ್ದರೆ ದಾಳಿಯನ್ನು ತಡೆಯುತ್ತಿತ್ತು.

ತಪ್ಪು ಯಾರದು? ಬರೆದವನು ಅಜಾಗರೂಕ, ನಿಜ. ಕಂಪೈಲರು ಮಾತ್ರ ನಿಯಮ ಮೀರಲಿಲ್ಲ. ಆದರೆ ನಿಯಮ ಮೀರದಿದ್ದರೆ ಹೊಣೆ ತೀರಿತೇ?

ಈ ಪ್ರಶ್ನೆ ನನ್ನನ್ನು ಚುಚ್ಚಲು ಕಾರಣವಿದೆ. ನಾನು ಸರ್ಕಾರಿ ಗುಮಾಸ್ತ. ಹಿಂದೊಮ್ಮೆ ಕುಟುಂಬ ಪಿಂಚಣಿಯ ಕಡತವೊಂದು ನನ್ನ ಮೇಜಿಗೆ ಬಂದಾಗ ಅದರಲ್ಲಿ ಎರಡು ಸಹಿಗಳಾಗಿದ್ದವು. 'ನೋಡಿಯೇ ಹಾಕಿರುತ್ತಾರೆ' ಎಂದು ನಾನೂ ಸಹಿ ಹಾಕಿದೆ. ಕೊನೆಯ ವೇತನದ ಅಂಕಿಯೇ ತಪ್ಪಾಗಿತ್ತು. ಅದನ್ನು ಸರಿಪಡಿಸಿಕೊಳ್ಳಲು ಆ ತಾಯಿ ಎಂಟು ತಿಂಗಳು ಅಲೆದರು. ನಾನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಯಾರೂ ನನ್ನನ್ನು ಕೇಳಲೂ ಇಲ್ಲ. ಇನ್ನೊಬ್ಬರು ಮಾಡಿದ ಕೆಲಸವನ್ನೇ ಅದು ಸರಿಯೆಂಬುದಕ್ಕೆ ಸಾಕ್ಷಿಯಾಗಿ ಹಿಡಿದಿದ್ದೆ. ಕಂಪೈಲರು ಮಾಡಿದ್ದೂ ಇದನ್ನೇ. ಅದಕ್ಕೆ ಅಂತಃಕರಣವಿಲ್ಲ, ನನಗೆ ಆ ನೆಪ ಸಲ್ಲದು.

ಲಿನಕ್ಸಿನವರು ಎರಡು ತಿದ್ದುಪಡಿ ಮಾಡಿದರು. ಪರೀಕ್ಷೆಯನ್ನು ಓದುವ ಸಾಲಿಗಿಂತ ಮೊದಲಿಗೆ ತಂದರು. ಅಷ್ಟಕ್ಕೇ ಬಿಡದೆ, ಇಂಥ ಪರೀಕ್ಷೆಗಳನ್ನು ಇನ್ನು ಮುಂದೆ ಅಳಿಸಬೇಡವೆಂದು ಕಂಪೈಲರಿಗೂ ಆಜ್ಞೆ ಕೊಟ್ಟರು. ತುಸು ವೇಗ ಹೋದರೂ ಹೋಗಲಿ ಎಂದರು. ತಪ್ಪು ಒಬ್ಬನದೆಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳಲಿಲ್ಲ.

ಅಂದಿನಿಂದ ನಾನು ಮೇಲಿನ ಸಹಿಗಳನ್ನು ನೋಡುವ ಮೊದಲು ಅಂಕಿಗಳನ್ನು ಕೂಡುತ್ತೇನೆ. ಕಡತಗಳು ಸ್ವಲ್ಪ ನಿಧಾನವಾಗುತ್ತವೆ. ಹೊರಗೆ ಬೆಂಚಿನ ಮೇಲೆ ಕಾಯುವವರಿಗೆ ಆ ನಿಧಾನದ ಬೆಲೆ ಎಂಟು ತಿಂಗಳಲ್ಲ, ಅರ್ಧ ಗಂಟೆ.